ಜಾಮೀನಿಗೆ ಅಜ್ಜ ಬರುವುದಿಲ್ಲ

“ಈ ಗುರುಸಿದ್ಧಪ್ಪನವರು ಎಷ್ಟೊತ್ತಿಗೆ ಬರ್ತಾರೆ?”

ಹೋದ ವಾರ ಗುರುವಾರ ಮಧ್ಯಾಹ್ನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ನಮ್ಮ ತೋಟದ ಪಹಣಿ ಓದುತ್ತಿದ್ದ ಲಾಯರ್ ತಲೆಯೆತ್ತಿ ಕೇಳಿದರು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. “ಅವರು ನಮ್ಮ ತಂದೆ. ತೀರ್ಕೊಂಡು ಇಪ್ಪತ್ತೆರಡು ವರ್ಷ ಆಯ್ತು.”

“ಹಂಗಾದ್ರೆ ಬರೋದು ಸ್ವಲ್ಪ ಕಷ್ಟ,” ಎಂದು ಲಾಯರ್ ಪಹಣಿಯನ್ನು ಮಡಚಿ ವಾಪಸ್ ಕೊಟ್ಟರು.

ಜೈಲಿನಲ್ಲಿರುವವರ ಮನೆಯವರು ತಿಳಿದುಕೊಳ್ಳಬೇಕಾದ ಮೊದಲ ಸಂಗತಿ ಇದು: ಜಾಮೀನು ಕೊಡುವವರು ಜೀವಂತ ಇರಬೇಕು. ನಗಬೇಡಿ. ಅರವತ್ತೆರಡು ಎಕರೆ ಕಾಫಿ ತೋಟದ ನಮ್ಮ ಮನೆತನಕ್ಕೆ ಇದು ಗೊತ್ತಾಗಿದ್ದೇ ಹೋದ ವಾರ.

ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಪ್ರಸನ್ನನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ದೊಡ್ಡಪ್ಪನ ಒಪ್ಪಿಗೆ ಕೇಳಿಲ್ಲ.

ಈ ಅಂಕಣ ಓದುವವರಿಗೆ ಗೊತ್ತು, ಚಿಕ್ಕಮಗಳೂರಿನ ಕೋರ್ಟಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಅಪ್ಪ ಶುರು ಮಾಡಿದ್ದು, ನಾನು ನಡೆಸುತ್ತಿದ್ದೇನೆ. ತೋಟ ಬಿಟ್ಟು ಅಂಗಡಿ ಹಿಡಿದ ನಮ್ಮನ್ನು ಕಂಡರೆ ಕಳಸದ ಕಡೆಯ ನಮ್ಮ ಪ್ಲಾಂಟರ್ ಬಂಧುಗಳಿಗೆ ಅಷ್ಟಕ್ಕಷ್ಟೆ. ಮದುವೆ ಮನೆಗಳಲ್ಲಿ ದೊಡ್ಡಪ್ಪ ನನ್ನನ್ನು ಪರಿಚಯಿಸುವುದೇ “ಇವಳು ಟೌನಲ್ಲಿರೋದು” ಎಂದು. ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳುವುದರೊಳಗೆ ಮಾತು ಮಳೆಯ ಕಡೆಗೆ ತಿರುಗಿರುತ್ತದೆ.

ಅಂಥ ದೊಡ್ಡಪ್ಪನ ಒಬ್ಬನೇ ಮಗ ಪ್ರಸನ್ನ. ಬೇಲಿ ವಿಷಯಕ್ಕೆ ಪಕ್ಕದ ತೋಟದವರ ಜೊತೆ ಮಾತಿಗೆ ಮಾತು ಬೆಳೆದು, ಕೈಯಲ್ಲಿದ್ದ ದೊಣ್ಣೆಯಲ್ಲಿ ಹೊಡೆದುಬಿಟ್ಟ. ಅವರ ಭುಜದ ಮೂಳೆ ಮುರಿಯಿತು. ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಪೊಲೀಸರು ಬಂದರು, ಕೋರ್ಟಿಗೆ ಹಾಜರುಪಡಿಸಿದರು, ಚಿಕ್ಕಮಗಳೂರು ಜೈಲಿಗೆ ಬಂದ. ನನ್ನ ಅಂಗಡಿಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಆದರೆ ನನಗೆ ಗೊತ್ತಾಗಿದ್ದು ಹತ್ತನೇ ದಿನಕ್ಕೆ!

ಯಾಕೆ ಗೊತ್ತೇ? ಪ್ರಸನ್ನ ಎಲ್ಲಿ ಎಂದು ಯಾರು ಕೇಳಿದರೂ ದೊಡ್ಡಪ್ಪ ಒಂದೇ ಉತ್ತರ ಹೇಳುತ್ತಿದ್ದರು. “ಸಕಲೇಶಪುರದ ತೋಟಕ್ಕೆ ಹೋಗಿದಾನೆ.”

ಸಕಲೇಶಪುರದಲ್ಲಿ ನಮಗೆ ಒಂದು ಕಾಫಿ ಗಿಡವೂ ಇಲ್ಲ. ಆದರೂ ವಾರದೊಳಗೆ ಕಳಸದ ಪೇಟೆಯಲ್ಲಿ ಜನ ದೊಡ್ಡಪ್ಪನನ್ನು ನಿಲ್ಲಿಸಿ ಕೈ ಕುಲುಕತೊಡಗಿದರು. “ಹೇಳಲೇ ಇಲ್ವಲ್ಲ ಮಾರಾಯ್ರೆ! ಎಷ್ಟೆಕ್ರೆ ತಗೊಂಡ್ರಿ? ಅರೇಬಿಕಾನೋ ರೋಬಸ್ಟಾನೋ?” ದೊಡ್ಡಪ್ಪ “ಎರಡೂ ಇದೆ” ಎಂದರಂತೆ. ಮಗ ಕಂಬಿಯ ಹಿಂದೆ, ಅಪ್ಪನಿಗೆ ಊರಿನಲ್ಲಿ ಪ್ರಮೋಷನ್. ಇಂಥ ಭಾಗ್ಯ ಯಾರಿಗುಂಟು?

ಹತ್ತನೇ ದಿನ ಪ್ರಸನ್ನನ ಹೆಂಡತಿ ಶೋಭಾ ಹಲ್ಲುನೋವಿನ ನೆಪ ಹೇಳಿ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಳು. ಗಿರಾಕಿಗಳು ಹೋಗುವವರೆಗೆ ಮೂಲೆಯಲ್ಲಿ ನಿಂತಿದ್ದು, ಆಮೇಲೆ ಬಾಯಿಬಿಟ್ಟಳು. “ಅಕ್ಕ, ಯಾರೂ ನೋಡಕ್ಕೆ ಹೋಗಿಲ್ಲ. ಮಾವ ಹೋಗಬೇಡ ಅಂದಿದಾರೆ. ಮನೆ ಹೆಂಗಸ್ರು ಜೈಲು ಬಾಗಿಲಲ್ಲಿ ನಿಂತ್ರೆ ಮರ್ಯಾದೆ ಏನಾಗತ್ತೆ ಅಂತ.”

ಮರ್ಯಾದೆ! ಹತ್ತು ದಿನ ಮಗ ಅನ್ನ ತಿಂದನೋ ಬಿಟ್ಟನೋ ಎಂದು ನೋಡದ ಮನೆಗೆ ಇನ್ನೂ ಹೋಗಲು ಮರ್ಯಾದೆ ಉಳಿದಿದೆಯೇ? ನಾನು ಅವತ್ತೇ ಶಟರ್ ಎಳೆದು ಅವಳನ್ನು ಕರೆದುಕೊಂಡು ಹೊರಟೆ.

ಅವಳ ಚೀಲದಲ್ಲಿ ಏನಿತ್ತು ಎಂದು ಕೇಳಿ. ದೊಡ್ಡಮ್ಮ ಗುಟ್ಟಾಗಿ ಕಟ್ಟಿಕೊಟ್ಟ ಕಡುಬು, ಕಾಯಿಚಟ್ನಿ, ಒಂದು ಫ್ಲಾಸ್ಕ್ ಕಾಫಿ. (ಅವನಿಗೆ ಬೇರೆ ಕಾಫಿ ಸೇರುವುದಿಲ್ಲವಂತೆ.) ಏನು ಇರಲಿಲ್ಲ ಎಂದೂ ಕೇಳಿ. ಆಧಾರ್ ಕಾರ್ಡ್. ಗೇಟಿನಲ್ಲಿದ್ದವರು ಸಭ್ಯವಾಗಿಯೇ ಹೇಳಿದರು. “ಮನೆ ಊಟ ಒಳಗೆ ಬಿಡಲ್ಲಮ್ಮ. ಗುರುತಿನ ಚೀಟಿ ಇಲ್ದೆ ನಿಮ್ಮನ್ನೂ ಬಿಡಲ್ಲ.” ಎರಡೂ ನ್ಯಾಯವೇ. ಪುಣ್ಯಕ್ಕೆ ಪ್ರಸನ್ನನ ಮಗಳ ಸ್ಕೂಲಿನ ಅರ್ಜಿಗೆಂದು ಹಿಂದೊಮ್ಮೆ ಶೋಭಾಳ ಆಧಾರ್ ಫೋಟೋ ನನ್ನ ಮೊಬೈಲಿಗೆ ಬಂದಿತ್ತು. ಅಂಗಡಿಗೆ ವಾಪಸ್ ಹೋಗಿ ಪ್ರಿಂಟ್ ತಂದುಕೊಟ್ಟರೂ ಒರಿಜಿನಲ್ಲೇ ಬೇಕು ಎಂದರು. ಅವತ್ತು ನಾನೊಬ್ಬಳೇ ಒಳಗೆ ಹೋದೆ. ಶೋಭಾ ಹೊರಗೆ ಫ್ಲಾಸ್ಕ್ ತಬ್ಬಿಕೊಂಡು ಕೂತಿದ್ದಳು.

ಆದ್ದರಿಂದ ಕೇಳಿಸಿಕೊಳ್ಳಿ. ನಿಮ್ಮವರು ಯಾರಾದರೂ ಒಳಗಿದ್ದರೆ (ಇರದಿರಲಿ) ಹೊರಡುವ ಮೊದಲು ಜೈಲಿಗೆ ಒಂದು ಫೋನ್ ಮಾಡಿ. ಯಾವ ದಿನ, ಎಷ್ಟೊತ್ತಿಗೆ ಭೇಟಿ, ಮೊದಲೇ ಹೆಸರು ಬರೆಸಬೇಕೇ, ಏನು ತರಬಹುದು ಎಂದು ಕೇಳಿ. ಕಳಸದಿಂದ ಮೊದಲ ಬಸ್ಸಿಗೆ ಬಂದು, ಇವತ್ತು ಭೇಟಿಯ ದಿನವಲ್ಲ ಎಂದು ತಿಳಿದು ವಾಪಸ್ ಹೋದವರನ್ನು ನಾನು ಕಂಡಿದ್ದೇನೆ. ಆಧಾರ್ ಒರಿಜಿನಲ್ ಇರಲಿ, ಜೆರಾಕ್ಸೂ ಇರಲಿ. ಬಟ್ಟೆ ಕೊಡುವುದಿದ್ದರೆ ಲಾಡಿ, ಬೆಲ್ಟು ಇಲ್ಲದ್ದು ಕೊಡಿ. ಬಿಪಿ, ಶುಗರ್ ಮಾತ್ರೆಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೋಗಬೇಡಿ. ಡಾಕ್ಟರ ಚೀಟಿ ಕೊಟ್ಟು ಅಲ್ಲಿನ ಡಾಕ್ಟರಿಗೆ ತಿಳಿಸಿ ಎಂದು ಹೇಳಿ. ವಕಾಲತ್ತಿಗೆ, ಅಂದರೆ ಲಾಯರನ್ನು ನೇಮಿಸುವ ಪತ್ರಕ್ಕೆ, ಒಳಗಿದ್ದವರ ಸಹಿ ಬೇಕು, ಅದೂ ಜೈಲಿನ ಮೂಲಕವೇ ಆಗುತ್ತದೆ. ಲಾಯರಿಗೆ ಕೊಡಲು ದುಡ್ಡಿಲ್ಲವೆಂದರೆ ಸರ್ಕಾರದ ಉಚಿತ ಕಾನೂನು ನೆರವು ಇದೆ. ಕೋರ್ಟಿನಲ್ಲೇ ಕೇಳಿ. ಕೇಳಿದರೆ ಬಾಯಿ ಸವೆಯುವುದಿಲ್ಲ.

ಇನ್ನೊಂದು. “ಒಳಗೆ ನಮ್ಮವರಿದ್ದಾರೆ, ಎಲ್ಲ ಸೆಟ್ ಮಾಡ್ತೀನಿ” ಎನ್ನುವವನು ಸಿಕ್ಕರೆ ಅವನ ಕೈಗೆ ಏನೂ ಕೊಡದೆ ನಮಸ್ಕಾರ ಹಾಕಿ ಮುಂದೆ ಹೋಗಿ. ದೊಡ್ಡಪ್ಪ ಎಂಟು ದಿನ ಅಂಥವನೊಬ್ಬನ ಫೋನಿಗಾಗಿ ಕಾದರು. ಅಲ್ಲಿಯವರೆಗೆ ಒಂದು ಬೇಲ್ ಅರ್ಜಿಯನ್ನೂ ಹಾಕಿರಲಿಲ್ಲ! ನನ್ನ ಅಂಗಡಿಯ ಪಕ್ಕದಲ್ಲೇ ಲಾಯರ್ ಆಫೀಸಿದೆ ಎಂಬುದು ಅವರಿಗೆ ಹೊಳೆಯಲಿಲ್ಲ, ಯಾಕೆಂದರೆ ನನ್ನ ಅಂಗಡಿ ಇರುವುದೇ ಅವರಿಗೆ ನೆನಪಿರಲಿಲ್ಲ.

ಒಳಗೆ ಜಾಲರಿಯ ಆಚೆ ಪ್ರಸನ್ನ ನಿಂತಿದ್ದ. ಗಡ್ಡ ಬಂದಿತ್ತು. ನನ್ನನ್ನು ನೋಡಲೇ ಇಲ್ಲ, ನನ್ನ ಬೆನ್ನ ಹಿಂದೆ ನೋಡಿದ.

“ಅಪ್ಪ ಬಂದಿದಾರಾ ಅಕ್ಕ?”

“ಇಲ್ಲ ಕಣೋ.”

“ಬೈದ್ರೂ ಅಡ್ಡಿಲ್ಲ. ಬಂದು ಬೈದು ಹೋಗ್ಲಿ. ದಿನಾ ಭೇಟಿಗೆ ಹೆಸರು ಕೂಗ್ತಾರೆ ಅಕ್ಕ. ನಂದೊಂದ್ ಕೂಗಲ್ಲ.”

ಮಗಳು ಸೈಕಲ್ ಕಲಿತ ಸುದ್ದಿ ಹೇಳಿದೆ. ಕೇಸಿನ ಮಾತು ಎತ್ತಲಿಲ್ಲ, ನೀವೂ ಎತ್ತಬೇಡಿ. ಅದು ಲಾಯರ ಕೆಲಸ. ಮಾರನೇ ದಿನ ಶೋಭಾ ಒರಿಜಿನಲ್ ಆಧಾರ್ ಹಿಡಿದುಕೊಂಡು ಮತ್ತೆ ಬಂದಳು. ಎರಡನೇ ಹಲ್ಲೂ ನೋಯುತ್ತಿದೆ ಎಂದು ಹೇಳಿ ಬಂದಿದ್ದಳಂತೆ. ಒಳಗೆ ಹೋಗಿ ಪ್ರಸನ್ನನಿಗೆ ಸಕಲೇಶಪುರದ ಕಥೆಯನ್ನೂ ಹೇಳಿದಳು. ಅವತ್ತೇ ಲಾಯರನ್ನು ಹಿಡಿದು ಅರ್ಜಿ ಹಾಕಿಸಿದೆವು.

ಬೇಲ್ ಸಿಕ್ಕಿದ್ದು ಹೋದ ಗುರುವಾರ, ಅಂದರೆ ಹದಿನೆಂಟನೇ ದಿನ. ಜಮೀನಿರುವ ಒಬ್ಬರು ಜಾಮೀನು ನಿಲ್ಲಬೇಕು ಎಂದು ಆದೇಶ. ನಾನೇ ಫೋನ್ ಮಾಡಿ ತಿಳಿಸಿದೆ. ಅಷ್ಟೇ ತಾನೆ ಎಂದು ದೊಡ್ಡಪ್ಪ ಪಹಣಿ ಹಿಡಿದು ಮೊದಲ ಬಾರಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಆಮೇಲಿನದ್ದು ನಿಮಗೆ ಗೊತ್ತು. ಅರವತ್ತೆರಡು ಎಕರೆಯೂ ಅಜ್ಜನ ಹೆಸರಿನಲ್ಲಿ! ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುವುದು ಇದಕ್ಕೇ.

ಸತ್ತವರ ಹೆಸರಿನಿಂದ ಇದ್ದವರ ಹೆಸರಿಗೆ ಜಮೀನು ಬರೆಸಿಕೊಳ್ಳುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಇದನ್ನು ಮಾಡಿಸುವುದಿಲ್ಲ. ಕೇಳಿದರೆ “ಹಿರಿಯರ ಹೆಸರು ಇರಲಿ, ಗೌರವ” ಎನ್ನುತ್ತಾರೆ. ಮಣ್ಣು! ಅಣ್ಣತಮ್ಮಂದಿರು ಎದುರುಬದುರು ಕೂತು ಪಾಲಿನ ಮಾತು ಆಡಲು ಹೆದರುತ್ತಾರೆ, ಅಷ್ಟೆ. (ನಮ್ಮಪ್ಪನೂ ಸೇರಿ. ಆದ್ದರಿಂದ ನನ್ನ ಹೆಸರಿನಲ್ಲೂ ಒಂದು ಗುಂಟೆಯಿಲ್ಲ. ಅಂಗಡಿ ಬಾಡಿಗೆಯದ್ದು.)

“ನಿಮ್ಮ ಸ್ನೇಹಿತರಿದ್ದಾರಲ್ಲ, ಒಬ್ಬರನ್ನ ಕೇಳಿ,” ಎಂದೆ.

ದೊಡ್ಡಪ್ಪ ಫೋನ್ ಕೈಗೆ ತೆಗೆದುಕೊಂಡರು. ಒಂದು ನಂಬರ್ ನೋಡಿದರು, ಇನ್ನೊಂದು ನೋಡಿದರು, ಜೇಬಿಗೆ ಹಾಕಿಕೊಂಡರು. “ಹೆಂಗೆ ಕೇಳ್ಲಿ? ಎಲ್ಲರಿಗೂ ಸಕಲೇಶಪುರ ಅಂತ ಹೇಳಿದೀನಿ.”

ನಾಳೆ ಶುಕ್ರವಾರ. ಶನಿವಾರ ಎರಡನೇ ಶನಿವಾರ, ಆಮೇಲೆ ಭಾನುವಾರ, ಸೋಮವಾರ ಹಬ್ಬದ ರಜೆ. ನಾಳೆ ಜಾಮೀನು ಆಗದಿದ್ದರೆ ಪ್ರಸನ್ನ ಇನ್ನೂ ನಾಲ್ಕು ದಿನ ಕೂಗದ ಹೆಸರಿಗೆ ಕಿವಿಗೊಟ್ಟು ಕೂತಿರಬೇಕು. ಸುಳ್ಳಿನ ತೋಟಕ್ಕೆ ನಿಜದ ಮಗನನ್ನು ಗೊಬ್ಬರ ಹಾಕುವುದು ಅಂದರೆ ಇದೇ ಅಲ್ಲವೇ?

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಶೋಭಾ ಅಂಗಡಿಯ ಮುಂದೆ ಆಟೋ ಇಳಿದಳು. ಜೊತೆಗೆ ಗಿರಿಜಕ್ಕ. ನಮ್ಮ ತೋಟದಲ್ಲಿ ಹೆಣ್ಣಾಳುಗಳ ಮೇಸ್ತ್ರಿ, ಕಾಫಿ ಹಣ್ಣು ಕೊಯ್ಯುವವರ ಮೇಲುಸ್ತುವಾರಿ ಅವಳದ್ದು. ಕಂಕುಳಲ್ಲಿ ಪ್ಲಾಸ್ಟಿಕ್ ಕವರ್.

“ನಂದು ಒಂದೆಕ್ರೆ ಹನ್ನೆರಡು ಗುಂಟೆ ಇದೆ ಅಮ್ಮ. ನನ್ ಹೆಸರಲ್ಲೇ ಇದೆ. ಆಗತ್ತಾ ನೋಡಿ.”

ಆ ಪಹಣಿ ನನಗೆ ಹೊಸದಲ್ಲ. ಗಂಡ ತೀರಿಕೊಂಡ ವರ್ಷ ಅವಳು ನಾಡಕಚೇರಿಗೂ ನನ್ನ ಅಂಗಡಿಗೂ ನಾಲ್ಕು ಸಲ ಓಡಾಡಿ ಪೌತಿ ಖಾತೆ ಮಾಡಿಸಿಕೊಂಡಿದ್ದಳು. ಆಗ ರಜೆ ಕೇಳಿದ್ದಕ್ಕೆ ದೊಡ್ಡಪ್ಪ ನಕ್ಕಿದ್ದರಂತೆ. “ಒಂದೆಕ್ರೆಗೆ ಇಷ್ಟ್ಯಾಕೆ ಹಾರಾಟ ಗಿರಿಜಿ, ನೀನೇನು ಪ್ಲಾಂಟರ್ರಾ?”

“ಪ್ರಸನ್ನ ಜೈಲಲ್ಲಿರೋದು ನಿಮಗೆ ಯಾರು ಹೇಳಿದ್ದು?” ಎಂದು ಕೇಳಿದೆ.

“ಲೈನ್‌ಮನೆ ಆಳುಗಳಿಗೆಲ್ಲ ಮೊದಲ್ನೇ ದಿನದಿಂದ್ಲೇ ಗೊತ್ತು. ಸಕಲೇಶಪುರದಲ್ಲಿ ತೋಟ ಇದ್ದಿದ್ರೆ ಗೊಬ್ಬರ ಹಾಕಕ್ಕೆ ನಮ್ಮನ್ನೇ ತಾನೆ ಲಾರಿ ಹತ್ಸದು?”

ಜಾಮೀನಿನ ಪತ್ರ ಟೈಪಾಯಿತು. ಅವಳಿಗೆ ಪೂರ್ತಿ ಓದಿ ಹೇಳಿದೆ. ಪ್ರಸನ್ನ ಕೋರ್ಟಿಗೆ ಬರದೆ ತಪ್ಪಿಸಿಕೊಂಡರೆ ಅವಳ ಜಮೀನಿಗೆ ಕುತ್ತು ಎಂದು ಬಿಡಿಸಿ ಹೇಳಿದೆ. “ಇನ್ನೊಂದ್ಸಲ ಓದಿ” ಎಂದಳು. ಓದಿದೆ. ಆಮೇಲೆ ಸಹಿ ಹಾಕಿದಳು. (ಜಾಮೀನು ನಿಲ್ಲುವವರಿಗೆ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮನೆಯವರಿಗೆ ನನ್ನ ಅಂಗಡಿಯಲ್ಲಿ ಜೆರಾಕ್ಸ್ ಸಿಗುವುದಿಲ್ಲ.)

ಕೋರ್ಟಿನಲ್ಲಿ ಜಡ್ಜ್ ಕೇಳಿದರು. “ಆರೋಪಿ ನಿಮಗೆ ಏನಾಗಬೇಕು?”

“ಏನೂ ಆಗ್ಬೇಕಿಲ್ಲ ಸ್ವಾಮಿ. ಸಣ್ಣವನಿದ್ದಾಗಿಂದ ನೋಡಿದೀನಿ. ಕೋಪ ಜಾಸ್ತಿ, ಆದ್ರೆ ಓಡಿಹೋಗೋ ಜಾತಿ ಅಲ್ಲ. ಓಡಿಹೋದ್ರೆ ನಾನೇ ಹಿಡ್ಕಂಬರ್ತೀನಿ.”

ಜಡ್ಜ್ ನಗು ತಡೆದುಕೊಂಡು ಸಹಿ ಮಾಡಿದರು.

ಸಂಜೆ ಜೈಲಿನ ಗೇಟಿನಿಂದ ಪ್ರಸನ್ನ ಒಂದು ಕವರ್ ಹಿಡಿದು ಹೊರಬಂದ. ಶೋಭಾಳನ್ನು ನೋಡಿದ, ಗಿರಿಜಕ್ಕನನ್ನು ನೋಡಿದ, ನನ್ನನ್ನು ನೋಡಿದ. ಮತ್ತೆ ನಮ್ಮ ಬೆನ್ನ ಹಿಂದೆ ನೋಡಿದ.

“ಅಪ್ಪ?”

“ಸಕಲೇಶಪುರಕ್ಕೆ ಹೋಗಿದಾರೆ,” ಎಂದಳು ಶೋಭಾ.

ಅವನು ನಗಲು ಹೊರಟು ಅತ್ತುಬಿಟ್ಟ. ಗಿರಿಜಕ್ಕ ಅವನ ಬೆನ್ನಿಗೊಂದು ಗುದ್ದಿದಳು. “ಸಾಕು ಅತ್ತಿದ್ದು. ನಡಿ, ಲಾಸ್ಟ್ ಬಸ್ಸು ತಪ್ಪತ್ತೆ.”

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮೊನ್ನೆ ಬುಧವಾರ, ನನ್ನ ಮೆಷಿನ್ ಮೇಲೆ ಮರೆತುಹೋಗಿದ್ದ ಆಧಾರ್ ಕಾರ್ಡ್ ತೆಗೆದುಕೊಂಡು ಹೋಗಲು ಗಿರಿಜಕ್ಕ ಬಂದಿದ್ದಳು. ಮಾತಿಗೆ ಮಾತು ಬಂದು ತಿಳಿಯಿತು. ತೋಟದ ಚೆಕ್‌ರೋಲಿನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಆ ಶುಕ್ರವಾರ ಅವಳಿಗೆ ಆಬ್ಸೆಂಟ್ ಹಾಕಿದ್ದಾರೆ!

“ಪುಸ್ತಕ ಬರೆಯೋ ರೈಟರ್ ತಾನೇ ಹಾಕಿದ್ನಾ?” ಎಂದೆ.

“ಯಜಮಾನ್ರೇ ಹಾಕ್ಸಿದ್ದಂತೆ. ಕೋರ್ಟ್ ಕೆಲಸಕ್ಕೆ ಹೋಗಿದ್ಲು ಅಂತ ಬರೆದ್ರೆ ನಾಕು ಜನಕ್ಕೆ ಗೊತ್ತಾಗತ್ತಲ್ಲ ಅಂದ್ರಂತೆ. ಹೋಗ್ಲಿ ಬಿಡಿ ಅಮ್ಮ.”

ಅವಳು ಬಿಟ್ಟಳು. ನಾನು ಬಿಡುವುದಿಲ್ಲ.

ಜೈಲಿನಲ್ಲಿ ಮಗ ಹತ್ತೊಂಬತ್ತು ದಿನ ಇದ್ದ. ಅಷ್ಟೂ ದಿನಕ್ಕೆ ನಿಮ್ಮ ಹೆಸರಿನ ಮುಂದೆ ಏನು ಬರೆಯೋಣ ದೊಡ್ಡಪ್ಪ?