ಏಳನೇ ಜಾಗದ ಎಲೆರಾಶಿ

ನನ್ನ ಹೆಂಡತಿಯ ಕೈಗೆ ಪೊರಕೆ ಬಂದರೆ ಅವಳಿಗೆ ಊಟ ತಿಂಡಿಯೂ ನೆನಪಿರುವುದಿಲ್ಲ. ಮಳೆಕಾಡು ಮುಗಿದು ಸಮುದ್ರದ ಮರಳು ಶುರುವಾಗುವ ಕಡೆ ನಮ್ಮ ಯಜಮಾನರು ಹನ್ನೆರಡು ಟೆಂಟುಗಳ ಕ್ಯಾಂಪ್ ನಡೆಸುತ್ತಾರೆ. ಟೆಂಟುಗಳ ಸುತ್ತ ಗುಡಿಸುವುದು ಅವಳ ಕೆಲಸ. ಒಲೆ, ನಲ್ಲಿ, ಕೈಗಾಡಿ ರಿಪೇರಿ ನನ್ನದು. ವರ್ಷವಿಡೀ ಎಲೆ ಉದುರಿಸುವ ಕಾಡು ಅದು. ಬೆಳಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ಮೊದಲಿನ ಹಾಗೇ. ನಾನಾಗಿದ್ದರೆ ಮೂರೇ ದಿನಕ್ಕೆ ಕೈಮುಗಿದು ಓಡಿಹೋಗುತ್ತಿದ್ದೆ. ಅವಳು ಒಂಬತ್ತು ವರ್ಷದಿಂದ ಗುಡಿಸುತ್ತಿದ್ದಾಳೆ. ಬಂದವರೆಲ್ಲ ಅವಳನ್ನು ಪೊರಕೆಯಕ್ಕ ಎಂದೇ ಕರೆಯುತ್ತಾರೆ.

ಅದಕ್ಕೆ ಮುಂಚೆ ಅವಳು ನೂಲಿನ ಗಿರಣಿಯಲ್ಲಿದ್ದಳು. ಕಿಟಕಿಯಿಲ್ಲದ ಕೋಣೆ, ಗಾಳಿಯ ತುಂಬ ಹತ್ತಿಯ ಧೂಳು. ಅಲ್ಲಿ ಅಂಟಿಕೊಂಡ ಕೆಮ್ಮು ಯಾವ ಔಷಧಿಗೂ ಬಗ್ಗಲಿಲ್ಲ. ಇಲ್ಲಿಗೆ ಬಂದ ಆರು ತಿಂಗಳಿಗೆ ತಾನಾಗಿಯೇ ನಿಂತಿತು. ಈ ಸಮುದ್ರದ ಗಾಳಿ ನನ್ನ ಒಲೆಗಳಿಗೆಲ್ಲ ತುಕ್ಕು ಹಿಡಿಸುತ್ತದೆ, ಆದರೂ ಅಂದಿನಿಂದ ನಾನು ಅದನ್ನು ಬೈದಿಲ್ಲ.

ಇಷ್ಟು ದೊಡ್ಡ ಕಾಡಿನಲ್ಲಿ ಅವಳಿಗಿದ್ದದ್ದು ಒಂದೇ ಶತ್ರು. ಕಿತ್ತಳೆ ಬಣ್ಣದ ಕಾಲಿನ ಒಂದು ಕಾಡುಕೋಳಿ. ಈ ಜಾತಿಯ ಕೋಳಿ ಕಾವಿಗೆ ಕೂರುವುದಿಲ್ಲ. ಎಲೆ ಕೆದರಿ ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆ ಹೂಳುತ್ತದೆ, ಎಲೆ ಕೊಳೆಯುವ ಬಿಸಿಗೇ ಮರಿಯಾಗುತ್ತದೆ. ಇವಳು ಗುಡಿಸುವುದು, ಅದು ಕೆದರುವುದು. "ಇಡೀ ಕಾಡು ಬಿಟ್ಟು ನನ್ನ ಅಂಗಳವೇ ಬೇಕಾಯ್ತೇನೇ ನಿಂಗೆ?" ಎಂದು ದಿನಾ ಅದರ ಹಿಂದೆ ಓಡುತ್ತಿದ್ದಳು. ನನಗೆ ಅದು ಬಿಟ್ಟಿ ನಾಟಕ.

ಗುಡಿಸಿದ ಎಲೆಯನ್ನು ಅವಳು ಏಳನೇ ಟೆಂಟಿನ ಜಾಗದ ಮೂಲೆಯಲ್ಲಿ ರಾಶಿ ಹಾಕುತ್ತಾಳೆ. ವಾರಕ್ಕೊಮ್ಮೆ ನಾನು ಅದನ್ನು ಕೈಗಾಡಿಯಲ್ಲಿ ಗೊಬ್ಬರದ ಗುಂಡಿಗೆ ಸಾಗಿಸಬೇಕು. ಈ ಸಲ ಗಾಡಿಯ ಚಕ್ರ ಮುರಿದಿತ್ತು. "ನಾಳೆ ಮಾಡ್ತೀನಿ ಕಣೇ" ಅಂದೆ. ಆ ನಾಳೆ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ರಾಶಿ ನನ್ನ ಎದೆಮಟ್ಟ ಬೆಳೆದಿತ್ತು. ಕೊನೆಗೂ ಗಾಡಿ ತಳ್ಳಿಕೊಂಡು ಹೋದರೆ ಅವಳು ಅಡ್ಡ ನಿಂತಳು.

"ಮುಟ್ಟಬೇಡಿ ರೀ. ಅದು ಇದರೊಳಗೇ ಮೊಟ್ಟೆ ಇಟ್ಟಿದೆ. ಕಣ್ಣಾರೆ ನೋಡಿದೀನಿ."

"ನಿನ್ನ ಶತ್ರು ಅಲ್ವೇನೇ ಅದು?"

"ಇರಲಿ. ಬಾಣಂತಿ ಜೊತೆ ಯಾರಾದ್ರೂ ಜಗಳ ಆಡ್ತಾರಾ?"

ಯಜಮಾನರಿಗೆ ಇದು ಹಿಡಿಸಲಿಲ್ಲ. ಸಮುದ್ರ ಚೆನ್ನಾಗಿ ಕಾಣುವುದು ಏಳನೇ ಜಾಗದಿಂದಲೇ, ಮತ್ತು ಶನಿವಾರ ಅಲ್ಲಿಗೊಂದು ದೊಡ್ಡ ಸಂಸಾರ ಬರುವುದಿತ್ತು. ಹಿಂದಿನ ದಿನ ಅವರೇ ಸಲಿಕೆ ಹಿಡಿದು ಬಂದರು.

"ಎರಡು ತಿಂಗಳಿಂದ ಈ ಕಸ ಇಲ್ಲೇ ಬಿದ್ದಿದೆಯಲ್ಲ, ಇದು ಯಾರ ಸೋಮಾರಿತನ?"

ನಾನು ಪಕ್ಕದಲ್ಲೇ ಇದ್ದೆ. ಬಾಯಿಗೆ ಬೀಗ ಬಿದ್ದಿತ್ತು.

"ನಂದೇ ಸ್ವಾಮಿ" ಅಂದಳು ಅವಳು. "ನನಗೆ ಏನು ಬೇಕಾದ್ರೂ ಮಾಡಿ, ರಾಶಿ ಮಾತ್ರ ಮುಟ್ಟಬೇಡಿ. ಒಳಗೆ ಕೋಳಿ ಮೊಟ್ಟೆ ಇದೆ."

"ಹಾಗಾದ್ರೆ ನಾಳೆಯಿಂದ ಬಟ್ಟೆ ಒಗೆಯೋ ಕೋಣೆಗೆ ಹೋಗು. ಪೊರಕೆ ನಿನ್ನ ಗಂಡ ಹಿಡೀಲಿ."

ಆ ಕೋಣೆಗೆ ತಗಡಿನ ಸೂರು, ಅಂಗೈಯಗಲದ ಒಂದು ಕಿಟಕಿ. ಒಳಗೆಲ್ಲ ಬಿಸಿನೀರಿನ ಹಬೆ, ಸೋಪಿನ ಪುಡಿಯ ಘಾಟು. ಮರುದಿನ ಅವಳು ಪೊರಕೆಯನ್ನು ನನ್ನ ಕೈಗೆ ಕೊಟ್ಟು ಅಲ್ಲಿಗೆ ಹೋದಳು. ಸಂಸಾರ ಬಂದು ರಾಶಿಯ ಪಕ್ಕದಲ್ಲೇ ಇಕ್ಕಟ್ಟಿನಲ್ಲಿ ಟೆಂಟ್ ಹೊಡೆಯಿತು. ಅವರ ಅಜ್ಜಿಯಂತೂ ಮರಿ ಬರುವುದನ್ನು ನೋಡಬೇಕೆಂದು ಸಮುದ್ರಕ್ಕೆ ಬೆನ್ನು ಹಾಕಿ, ರಾಶಿಯ ಎದುರಿಗೇ ಕುರ್ಚಿ ಹಾಕಿಸಿಕೊಂಡರು.

ಮೂರನೇ ಬೆಳಗ್ಗೆ ನಾನು ಗುಡಿಸುತ್ತಿದ್ದಾಗ ಆ ಕಿಟಕಿಯಿಂದ ಕೆಮ್ಮು ಕೇಳಿಸಿತು. ಹಳೆಯ ಕೆಮ್ಮು. ಒಂಬತ್ತು ವರ್ಷವಾದರೂ ನನ್ನ ಕಿವಿ ಅದನ್ನು ಮರೆತಿರಲಿಲ್ಲ. ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಪೊರಕೆ ಹಿಡಿದುಕೊಂಡೇ ನೇರ ಯಜಮಾನರ ಹತ್ತಿರ ಹೋದೆ.

"ಸೋಮಾರಿ ಅವಳಲ್ಲ ಸ್ವಾಮಿ, ನಾನು. ಗಾಡಿ ರಿಪೇರಿ ಮಾಡದೆ ಎರಡು ತಿಂಗಳು ಕಳೆದೆ."

ಅವರು ಚಹಾದ ಲೋಟ ಕೆಳಗಿಟ್ಟರು. "ಮತ್ತೆ ಅವಳ್ಯಾಕೆ ತನ್ನ ಮೇಲೆ ಹಾಕ್ಕೊಂಡಳು?"

"ನಾನು ಬಾಯಿ ಬಿಡಲಿಲ್ವಲ್ಲ, ಅದಕ್ಕೆ."

ಅವರು ನನ್ನ ಕೈಯಲ್ಲಿದ್ದ ಪೊರಕೆಯ ಕಡೆ ಬೆರಳು ತೋರಿಸಿದರು. "ಪೊರಕೆ ಅವಳ ಕೈಗೆ ಕೊಡು. ಬಟ್ಟೆ ನೀನು ಒಗಿ."

ಹಾಗೆ ನಾನು ಹಬೆಯಲ್ಲಿ ಬೇಯತೊಡಗಿದೆ. ಒಗೆದು ಅಭ್ಯಾಸವಿಲ್ಲದ ಕೈ, ಹಾಸಿಗೆ ಬಟ್ಟೆ ಹಿಂಡಿ ಹಿಂಡಿ ರಟ್ಟೆ ಬಿದ್ದುಹೋಯಿತು. ಎರಡು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಅಜ್ಜಿ ಕೂಗಿದ್ದು ಕೇಳಿಸಿತು. "ಪೊರಕೆಯಕ್ಕಾ, ಬೇಗ ಬಾರಮ್ಮಾ!"

ಕಿಟಕಿಗೆ ಮುಖ ಒತ್ತಿ ನೋಡಿದೆ. ರಾಶಿಯ ನೆತ್ತಿ ಅಲ್ಲಾಡುತ್ತಿತ್ತು. ಎಲೆ ಸರಿಸಿಕೊಂಡು ಒಂದು ಕಂದು ಮರಿ ಹೊರಬಂತು, ಮೈ ಕೊಡವಿತು, ಇವಳು ಆಗಷ್ಟೇ ಗುಡಿಸಿದ ಅಂಗಳದ ತುಂಬ ಎಲೆ ಚೆಲ್ಲುತ್ತ ಕಾಡಿಗೆ ಓಡಿತು. ಇವಳು ಪೊರಕೆ ಊರಿಕೊಂಡು ಹೊಟ್ಟೆ ಹಿಡಿದು ನಕ್ಕಳು. ನಾನು ಕಿವಿ ನಿಮಿರಿಸಿ ಕಾದೆ. ಅವಳಿಗೆ ಒಂದು ಸಲವೂ ಕೆಮ್ಮು ಬರಲಿಲ್ಲ.

ಯಜಮಾನರೂ ಓಡಿಬಂದಿದ್ದರು. "ಇನ್ನೂ ಎಷ್ಟಿವೆ ಒಳಗೆ?"

"ಗೊತ್ತಿಲ್ಲ ಸ್ವಾಮಿ. ಕೋಳಿ ಇನ್ನೂ ಬಂದು ಮೊಟ್ಟೆ ಇಡ್ತಾನೇ ಇದೆ."

ಅವರು ನನ್ನ ಕಿಟಕಿಯ ಕಡೆ ತಿರುಗಿದರು. "ಏನಪ್ಪಾ, ಆ ಗಾಡಿಯ ಚಕ್ರ ಬಿಚ್ಚಿಡು. ನಾನು ಹೇಳೋವರೆಗೆ ಮತ್ತೆ ಹಾಕ್ಬೇಡ."

ನನ್ನ ಜನ್ಮದಲ್ಲಿ ಹೇಳಿದ ದಿನವೇ ಮಾಡಿ ಮುಗಿಸಿದ ಕೆಲಸ ಅದೊಂದೇ.