ದಿಲ್ಲಿಯ ಪರವಾಗಿ ಒಂದು ವೀಳ್ಯ

ಮೈಸೂರಿಗೂ ಮಿಕ್ಕ ಸಂಸ್ಥಾನಗಳಿಗೂ ಇನ್ನು ಒಂದೇ ಸಂವಿಧಾನ, ಅದರಲ್ಲಿ ಎಲ್ಲರೂ ಸಮ ಅಂತ ಹಳ್ಳಿಗಳಲ್ಲಿ ಸಾರೋ ಕೆಲಸ ನನ್ನದಾಗಿತ್ತು. ದೊಡ್ಡಬೆಳವಂಗಲದ ಅರಳಿಕಟ್ಟೆಯಲ್ಲಿ ಗಂಟಲು ಹರಿಯುವಂತೆ ಹೇಳಿದೆ.

ದೂರದ ಹುಣಸೆಮರದಡಿ ನಿಂತಿದ್ದ ಕೇರಿಯ ಮುದುಕಿ ಕೂಗಿದಳು: “ನಮ್ಮನ್ನೂ ಸೇರ್ಸಿ ಬರ್ದವ್ರಾ?”

“ಹೂಂ, ಬರ್ದಿದಾರೆ.”

“ಹಂಗಾದ್ರೆ ವೀಳ್ಯ ಇತ್ಲಾಗೂ ಬರ್ಲಿ.”

ನಮ್ಮ ಕಡೆ ವೀಳ್ಯ ಹಿಡಿಯದೆ ಯಾವ ಮಾತೂ ಗಟ್ಟಿಯಾಗದು. ಆದರೆ ವೀಳ್ಯದ ತಟ್ಟೆ ಹುಣಸೆಮರದವರೆಗೆ ಎಂದೂ ಹೋಗಿರಲಿಲ್ಲ. ಕಟ್ಟೆಯ ಮೇಲಿದ್ದವರು ತಟ್ಟೆಯನ್ನ ಒಬ್ಬರಿಂದೊಬ್ಬರ ಕಡೆ ಸರಿಸಿದರು. ಕೊನೆಗೆ ಊರಗೌಡರೇ ಎದ್ದು ತಟ್ಟೆ ಹಿಡಿದು ನಡೆದರು. ಮುದುಕಿ ತಗೊಂಡಳು. ಆಮೇಲೆ ಎಲ್ಲರೂ ತಗೊಂಡರು.

“ದಿಲ್ಲಿಯವ್ರ ಪರವಾಗಿ ನೀವು ಹಾಕ್ಕೊಳಿ ಸ್ವಾಮಿ,” ಅಂದರು ಗೌಡರು.

ಎದೆ ಉಬ್ಬಿತು. ಎಲೆಯಡಿಕೆ ಅಭ್ಯಾಸವಿಲ್ಲದ ನನ್ನ ನಾಲಗೆ ಸುಣ್ಣಕ್ಕೆ ಸುಟ್ಟೇಹೋಯಿತು. ಆದರೂ ನುಂಗಿದೆ. ಇಡೀ ದೇಶದ ಮಾತು ಕಣ್ರೀ, ಉಗಿಯೋಕಾಗುತ್ತಾ?