ಹಿನಾತ್ಸು ಮಾರು ಹಡಗಿನಿಂದ ದೊಡ್ಡಪ್ಪ ಇಳಿದ ದಿನ

ಜಪಾನಿನ ಇಚಿಕಾವಾದಲ್ಲಿರುವ ಮಗಳ ಮನೆಯಿಂದ ಬೆಳಿಗ್ಗೆ ಎಂಟಕ್ಕೆ ಹೊರಟೆವು. ನಾನು, ಮಗಳು ವೀಣಾ, ಮೊಮ್ಮಗಳು ಇರಾ. ಜಿನುಗು ಮಳೆ. ಎರಡು ಕಡೆ ರೈಲು ಬದಲಿಸಿ ಯೊಕೊಹಾಮಾ ಸೇರಲು ಒಂದೂಕಾಲು ಗಂಟೆ ಹಿಡಿಯಿತು. ಬಂದರಿನ ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿದರೆ ನನಗೆ ಒಂದು ತುತ್ತೂ ಇಳಿಯಲಿಲ್ಲ.

ವಿಷಯ ಇಷ್ಟು. ಯುದ್ಧದ ಕಾಲದಲ್ಲಿ ನಮ್ಮಪ್ಪ, ದೊಡ್ಡಪ್ಪ ಇಬ್ಬರೂ ಬ್ರಿಟಿಷರ ಪಲ್ಟನ್ನಿನಲ್ಲಿದ್ದು ಸಿಂಗಾಪುರದಲ್ಲಿ ಸೆರೆಸಿಕ್ಕರು. ಕೈದಿಗಳನ್ನು ದೂರದ ದ್ವೀಪಕ್ಕೆ ಒಯ್ಯುವ ಜಪಾನಿ ಹಡಗಿಗೆ ಅಪ್ಪನ ಹೆಸರು ಕೂಗಿದರು. ಅಪ್ಪನಿಗೆ ಕಡುಜ್ವರ. ಅವನ ಬದಲು ದೊಡ್ಡಪ್ಪ ಹತ್ತಿದ. ಹಡಗಿನ ಹೆಸರು ಹಿನಾತ್ಸು ಮಾರು. ಅದು ಮುಳುಗಿತು ಎಂಬ ಸುದ್ದಿ ಬಂತು, ದೊಡ್ಡಪ್ಪ ಬರಲಿಲ್ಲ. "ಅಣ್ಣನ್ನ ನಾನೇ ನೀರಿಗೆ ತಳ್ಳಿದೆ" ಎನ್ನುತ್ತಲೇ ಅಪ್ಪ ಸತ್ತ.

ನಾವು ಹೋದದ್ದು ಹಳೆಯ ಹಡಗುಗಳ ಕಾಗದಪತ್ರ ಇಟ್ಟಿರುವ ಪುಟ್ಟ ವಾಚನಾಲಯಕ್ಕೆ. ಅಲ್ಲಿದ್ದ ಮುದುಕರು ಕಾಗದಕ್ಕೆ ಶಾಯಿ ತಾಗದಿರಲೆಂದು ನಮ್ಮ ಪೆನ್ನು ತೆಗೆದಿರಿಸಿ ಪೆನ್ಸಿಲ್ ಕೊಟ್ಟರು. ಸೈನಿಕರನ್ನು ಸಾಗಿಸುತ್ತಿದ್ದ ಆ ಹಡಗಿನ ಹುಟ್ಟುಸಾವೆಲ್ಲ ಒಂದೇ ಹಾಳೆಯಲ್ಲಿತ್ತು. ಸಾಲುಗಳು ಮೇಲಿನಿಂದ ಕೆಳಕ್ಕೆ. ವೀಣಾ ಅನುವಾದಕ್ಕೆಂದು ಎಡತುದಿಯ ಸಾಲಿಗೆ ಮೊಬೈಲ್ ಹಿಡಿದಳು.

"ಅಮ್ಮಾ, ಶುರುನಲ್ಲೇ ಇದೆ. ಟಾರ್ಪಿಡೋ ಬಿದ್ದು ಮುಳುಗೋಯ್ತಂತೆ."

"ಸಾಕು, ಮುಚ್ಚು" ಎಂದೆ.

"ನೋ ಮಮ್ಮಿ! ರೈಟಿಂದ ಓದ್ಬೇಕು. ಅದು ಲಾಸ್ಟ್ ಲೈನ್!" ಎಂದಳು ಇರಾ.

"ಹದಿನೈದು ವರ್ಷದಿಂದ ಇಲ್ಲಿದೀಯ, ಇಷ್ಟೂ ಗೊತ್ತಿಲ್ವೇನೆ?" ಎಂದು ವೀಣಾಳನ್ನು ಕೇಳಿದೆ.

"ಆಫೀಸಲ್ಲಿ ಎಲ್ಲಾ ಅಡ್ಡಡ್ಡ ಬರೀತಾರಮ್ಮಾ!"

ಇರಾ ಬಲತುದಿಯಿಂದ ಬೆರಳಾಡಿಸಿದಳು. ಹಡಗು ಕಟ್ಟಿದ್ದು, ಸೈನ್ಯ ಹತ್ತಿಸಿದ್ದು, ರಿಪೇರಿ. ಆಮೇಲೆ ಸಿಂಗಾಪುರ. "ಇಂಡಿಯನ್ ಪ್ರಿಸನರ್ಸ್ ಹತ್ತಿದ್ರು." ಕೈದಿಗಳನ್ನು ಹತ್ತಿಸಿದ್ದು ಅದೊಂದೇ ಸಲ. ಮುಂದಿನ ಸಾಲಿನಲ್ಲಿ ದಾಳಿ. ಪಕ್ಕದ ಹಡಗು ಮುಳುಗಿತ್ತು. ನಾನು ಸೆರಗು ಕಚ್ಚಿ ಹಿಡಿದೆ. ಮಗು ಒಂದು ಅಕ್ಷರದ ಮುಂದೆ ತಡವರಿಸಿ ಮುದುಕರನ್ನು ಕೇಳಿತು. ಅವರು ಮೇಜಿನ ಮೇಲೆ ಎರಡು ಬೆರಳು ನಡೆಸಿ ತೋರಿಸಿದರು.

"ಇಳಿದ್ರು ಅಜ್ಜಿ! ಎಲ್ಲರೂ ದ್ವೀಪದಲ್ಲಿ ಇಳಿದ್ರು. ಹಡಗು ಖಾಲಿ ವಾಪಸ್ ಹೋಯ್ತು. ಮುಳುಗಿದ್ದು ನೆಕ್ಸ್ಟ್ ಇಯರ್!"

ಅತ್ತೆನೋ ನಕ್ಕೆನೋ ತಿಳಿಯದು. ಮುದುಕರ ಎರಡೂ ಕೈ ಹಿಡಿದು "ಅರಿಗಾತೋ, ಅರಿಗಾತೋ" ಎಂದು ಜಪಾನಿಯಲ್ಲೇ ಕೃತಜ್ಞತೆ ಹೇಳಿದೆ. ಅವರು ಬಗ್ಗಿದರು, ನಾನೂ ಬಗ್ಗಿದೆ.

ಇಲ್ಲಿ ರೈಲಿನೊಳಗೆ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಅದಕ್ಕೇ ಪ್ಲಾಟ್‌ಫಾರಮ್ಮಿನಿಂದಲೇ ಹುಣಸೂರಿನ ತಮ್ಮನಿಗೆ ಫೋನ್ ಮಾಡಿಸಿದೆ.

"ದೊಡ್ಡಪ್ಪ ನೀರುಪಾಲಾಗಿಲ್ಲ ಕಣೋ! ನೆಲಕ್ಕೆ ಇಳಿದಿದ್ದಾನೆ!"

"ಮತ್ತೆ ಮನೆಗ್ಯಾಕಕ್ಕ ಬರ್ಲಿಲ್ಲ?"

"ಅದು ಆ ಹಾಳೆಲಿಲ್ಲ ಕಣೋ. ದ್ವೀಪದಲ್ಲಿ ಏನಾಯ್ತೋ ದೇವರೇ ಬಲ್ಲ. ಅಪ್ಪ ಹೆದರಿದ ಹಾಗೆ ಮಾತ್ರ ಆಗಿಲ್ಲ."

"ಇರಕ್ಕ, ಅಪ್ಪನ ಫೋಟೋ ಮುಂದೆ ಫೋನ್ ಹಿಡೀತೀನಿ. ನೀನೇ ಹೇಳು" ಎಂದ.

ಹೇಳಿ ಮುಗಿಸುವಷ್ಟರಲ್ಲಿ ನಮ್ಮೂರ ಕಡೆಗೆ ಹೋಗುವ ಎರಡು ರೈಲು ಹೊರಟುಹೋಗಿದ್ದವು.